ಸಾಹೇಬರ ದನಿಯಲ್ಲಿ ಬಂದ ಗ್ಯಾಸ್ ನೋಟೀಸು

ಮೂರು ವರ್ಷಗಳ ಹಿಂದೆ ನಾನು ಹುಬ್ಬಳ್ಳಿ-ಧಾರವಾಡದಲ್ಲಿ ಕೊಳವೆ ಮೂಲಕ ನೈಸರ್ಗಿಕ ಅನಿಲ ಪೂರೈಸುವ ಕಂಪನಿಯೊಂದನ್ನು ಗ್ರಾಹಕ ಸೇವಾ ಅಧಿಕಾರಿಯಾಗಿ ಸೇರಿದೆ. ಹುದ್ದೆಯ ಹೆಸರು ದೊಡ್ಡದು; ಕೆಲಸವೆಂದರೆ ಬೈಕಿನ ಮೇಲೆ ತಿರುಗಿ ಬೈಸಿಕೊಳ್ಳುವುದು. ಬೈದವರ ದನಿಯನ್ನು ಸಂಜೆ ಆಫೀಸಿನಲ್ಲಿ ಅನುಕರಿಸಿ ನಗಿಸುತ್ತಿದ್ದೆ. ನನ್ನ ಡಿಗ್ರಿಯಿಂದ ಬಾರದ ಹೆಸರು ಆ ವಿದ್ಯೆಯಿಂದ ಬಂದಿತ್ತು.

ಅದರಲ್ಲೂ ನನಗೆ ಚೆನ್ನಾಗಿ ಒಲಿದದ್ದು ನಮ್ಮ ಮ್ಯಾನೇಜರ್ ಸಾಹೇಬರ ದನಿ. ಅವರು ಮಂಡ್ಯದ ಕಡೆಯವರು. ಮಾತು ಮೂಗಿನಲ್ಲಿ ಶುರುವಾಗಿ ಗಂಟಲಲ್ಲಿ ಮುಗಿಯುತ್ತಿತ್ತು, ಪ್ರತಿ ವಾಕ್ಯದ ಕೊನೆಗೆ "ಗೊತ್ತಾಯ್ತಾ?" ಎಂಬ ಮೊಳೆ.

ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ರಾಜೇಸಾಬ್ ಕಾಕಾ ಟ್ರ್ಯಾಕ್ಟರ್ ಗೇರುಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿಕೊಡುವ ಘಟಕ ನಡೆಸುತ್ತಿದ್ದರು. ಆರು ಜನ ಕೆಲಸಗಾರರು. ಡೀಸೆಲ್ ಬಿಟ್ಟು ನಮ್ಮ ಗ್ಯಾಸಿಗೆ ಬರುವಂತೆ ಅವರನ್ನು ಒಪ್ಪಿಸಿದವನು ನಾನೇ. ನಮ್ಮಲ್ಲಿ ಎರಡು ಬಗೆಯ ಸೇವೆ, ಎರಡು ದರ. 'ಫರ್ಮ್' ಸೇವೆಗೆ ದರ ಹೆಚ್ಚು, ಪೂರೈಕೆ ಖಾತ್ರಿ. 'ಇಂಟರಪ್ಟಿಬಲ್' ಸೇವೆಗೆ ದರ ಕಡಿಮೆ. ಆದರೆ ಕೊಳವೆಯಲ್ಲಿ ಒತ್ತಡ ಇಳಿದರೆ ಮನೆಗಳಿಗೆ ಮೊದಲು ಗ್ಯಾಸು, ಇವರಿಗೆ ಕಡಿತ. ಅದನ್ನು ನಾಲ್ಕು ತಾಸು ಮುಂಚೆ ತಿಳಿಸಬೇಕು. ಗ್ರಾಹಕ ಒಪ್ಪಿದರೆ ಫೋನಿನ ಮಾತೂ ನೋಟೀಸೇ.

"ಕಡಿಮಿ ದರದ್ದ ಬರಿ" ಎಂದರು ಕಾಕಾ.

ನಾನು ಸಾಹೇಬರ ದನಿಯಲ್ಲಿ, "ವರ್ಷಕ್ಕೆ ಒಂದ್ಸಲ ಕಟ್ ಆದ್ರೆ ಹೆಚ್ಚು, ಗೊತ್ತಾಯ್ತಾ?" ಎಂದೆ. ಅವರು ನಕ್ಕು ಸಹಿ ಹಾಕಿದರು.

ಅಂದಿನಿಂದ ಅದೊಂದು ಪದ್ಧತಿಯೇ ಆಯಿತು. ಆಫೀಸಿನ ಲ್ಯಾಂಡ್‌ಲೈನಿನಿಂದ ಸಾಹೇಬರಾಗಿ ಫೋನ್ ಮಾಡುತ್ತಿದ್ದೆ: "ನಿಮ್ಮ ಗ್ಯಾಸ್ ಕಟ್ ಮಾಡ್ತಾ ಇದೀವಿ!" ಅವರು, "ಇಡೀ ಧಾರವಾಡದ್ದ ಕಟ್ ಮಾಡ್ರಿ ಸಾಹೇಬ್ರ!" ಎನ್ನುತ್ತಿದ್ದರು. ಆಮೇಲೆ ಕೆಲಸದ ಮಾತು.

ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಕಾರ್ಖಾನೆಯೊಂದು ಅವರಿಗೆ ಪರೀಕ್ಷೆಗೆಂದು ಒಂದು ಲಾಟ್ ಗೇರು ಕಳಿಸಿತು. ಅದು ಪಾಸಾದರೆ ಕಾಯಂ ಆರ್ಡರ್. "ಇದೊಂದ್ ದಾಟಿದ್ರ ಇನ್ನೊಂದ್ ಕುಲುಮಿ ಕಟ್ಟಸ್ತೇನಿ. ಇಲ್ಲಂದ್ರ ಬಾಗಲಾ ಹಾಕೂದ ನೋಡಪಾ" ಎಂದಿದ್ದರು ಕಾಕಾ.

ಆ ಗೇರುಗಳನ್ನು ಕುಲುಮೆಗೆ ಇಳಿಸಬೇಕಿದ್ದ ಗುರುವಾರ ಬೆಳಿಗ್ಗೆಯೇ ದೂರದ ಮುಖ್ಯ ಕೊಳವೆಯಲ್ಲಿ ದೋಷ ಕಂಡು ಒತ್ತಡ ಇಳಿಯತೊಡಗಿತು. ನಾನು ಅಮರಗೋಳದ ಮಾರುಕಟ್ಟೆಯ ಕ್ಯಾಂಟೀನಿನಲ್ಲಿ ಮೀಟರ್ ನೋಡುತ್ತಿದ್ದೆ. ಫೋನು ಬೈಕಿನ ಡಬ್ಬಿಯಲ್ಲಿತ್ತು. ನಾನು ಸಿಗದಿದ್ದಾಗ ಸಾಹೇಬರೇ, ಮೊದಲ ಬಾರಿಗೆ, ಅದೇ ಲ್ಯಾಂಡ್‌ಲೈನಿನಿಂದ ಕಾಕಾಗೆ ಫೋನ್ ಮಾಡಿದರು. ಆಮೇಲೆ ನಾನು ವಿಚಾರಿಸಿದರೆ, "ಹೇಳಿದೀನಿ, ಒಪ್ಕೊಂಡ್ರು" ಎಂದರು. ಕಾಕಾ ಪರೀಕ್ಷೆಯನ್ನು ಮುಂದಕ್ಕೆ ಹಾಕಿರಬೇಕು ಎಂದುಕೊಂಡೆ. ಬೈಗುಳವನ್ನು ಸಾಹೇಬರೇ ತಿಂದರಲ್ಲ ಎಂದು ಒಳಗೊಳಗೇ ಖುಷಿಯೂ ಆಯಿತು. ನಾನೂ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಮಧ್ಯಾಹ್ನ ಎರಡಕ್ಕೆ ವಾಲ್ವ್ ಮುಚ್ಚಿತು. ಗೇರುಗಳು ಆಗ ಕುಲುಮೆಯೊಳಗೇ ಇದ್ದವೆಂಬ ಸುದ್ದಿ ತಿಳಿದು ನಾನು ಲಕಮನಹಳ್ಳಿ ಮುಟ್ಟಿದಾಗ ಆರೂ ಜನ ಆರುತ್ತಿದ್ದ ಕುಲುಮೆಯ ಸುತ್ತ ಕೈಕಟ್ಟಿ ನಿಂತಿದ್ದರು, ಹೆಣದ ಮುಂದೆ ನಿಂತ ಹಾಗೆ. ಕಾಯುವುದು ಅರ್ಧಕ್ಕೇ ನಿಂತರೆ ಗೇರಿನ ಹಲ್ಲು ಮೆತ್ತಗೇ ಉಳಿಯುತ್ತದೆ.

"ಮುಂಜಾನಿ ಫೋನ್ ಮಾಡಿದಾಂವ ನೀ ಅಲ್ಲೇನೋ?" ಕಾಕಾ ಕೇಳಿದರು.

"ಅಲ್ರಿ ಕಾಕಾ. ಅವ್ರು ಖರೇ ಸಾಹೇಬ್ರು."

ಅವರು ಬೈಯಲಿಲ್ಲ. ಎಣ್ಣೆಯ ಡ್ರಮ್ಮಿನ ಮೇಲೆ ಕುಳಿತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಕಾರ್ಖಾನೆ ಗೇರುಗಳನ್ನು ತಿರಸ್ಕರಿಸಿತು. ಕಾಕಾ ಗ್ಯಾಸ್ ಗ್ರಾಹಕರ ಕುಂದುಕೊರತೆ ಕೇಳುವ ವಿಚಾರಣಾಧಿಕಾರಿಗೆ ದೂರು ಕೊಟ್ಟರು. ವಿಚಾರಣೆಯ ದಿನ ಆ ಫೋನಿನ ರೆಕಾರ್ಡಿಂಗ್ ಹಾಕಿದರು. "ಎರಡು ಗಂಟೆಗೆ ಕಡಿತ ಮಾಡ್ತೀವಿ, ಒಪ್ಪಿಗೆ ಇದೆಯಾ?" ಎಂದು ಸಾಹೇಬರ ದನಿ. "ಇಡೀ ಧಾರವಾಡದ್ದ ಕಟ್ ಮಾಡ್ರಿ ಸಾಹೇಬ್ರ!" ಎಂದು ಕಾಕಾ. ಕೋಣೆಯಲ್ಲಿದ್ದವರು ನಕ್ಕರು. ಕಾಕಾ ತಲೆ ತಗ್ಗಿಸಿದರು.

ನಾನು ಎದ್ದು ನಿಂತೆ. "ಮೇಡಂ, ಮಾತಾಡಿದಾಂವ ನಾನಂತ ತಿಳ್ಕೊಂಡಾರ್ರಿ ಅವ್ರು."

"ಅದನ್ನು ಹೇಗೆ ನಂಬಲಿ?" ಎಂದರು ವಿಚಾರಣಾಧಿಕಾರಿ.

ಸಾಹೇಬರ ಎದುರಿಗೇ, ಸಾಹೇಬರ ದನಿಯಲ್ಲಿ, ಆ ನೋಟೀಸನ್ನು ಇನ್ನೊಮ್ಮೆ ಹೇಳಿದೆ. ಯಾರೂ ನಗಲಿಲ್ಲ. ಸಾಹೇಬರು ಮೇಜಿನ ಅಂಚನ್ನೇ ನೋಡುತ್ತಿದ್ದರು.

ಆದೇಶ ಒಂದೇ ಪುಟದ್ದು. ಕರೆ ಮಾಡಿದವರು ಅಧಿಕೃತ ಅಧಿಕಾರಿ, ಅವಧಿ ಪಾಲನೆಯಾಗಿದೆ, ಗ್ರಾಹಕರ ಒಪ್ಪಿಗೆ ದಾಖಲಾಗಿದೆ, ದೂರು ವಜಾ. ಇನ್ನು ಮುಂದೆ ನೋಟೀಸು ಲಿಖಿತವಾಗಿರಲಿ ಎಂದು ಕೊನೆಗೊಂದು ಸಾಲು. ಆಮೇಲೆ ಬಂದ ಗ್ರಾಹಕರನ್ನೆಲ್ಲ ಆ ಸಾಲು ಕಾಪಾಡುತ್ತಿದೆ.

ನಾನು ಇಂದಿಗೂ ಅದೇ ಹುದ್ದೆಯಲ್ಲಿದ್ದೇನೆ. ನಿಯಮದ ಕಿವಿಗೆ ಮಾತು ಬೀಳುತ್ತದೆ, ಅದರ ಹಿಂದಿನ ಸಲಿಗೆ ಬೀಳುವುದಿಲ್ಲ ಎಂಬುದು ಈ ಕೆಲಸ ಕಲಿಸಿದ ಪಾಠ. ಈಗ ಫೋನಿನಲ್ಲಿ ನನ್ನ ದನಿಯಲ್ಲೇ ಮಾತಾಡುತ್ತೇನೆ. ಅದು ಇಷ್ಟು ಸಪ್ಪೆಯೆಂದು ಗೊತ್ತಿರಲಿಲ್ಲ.

ಕಾಕಾ ಘಟಕಕ್ಕೆ ಬಾಗಿಲು ಹಾಕಿ, ಹುಬ್ಬಳ್ಳಿಯಲ್ಲಿ ಬೇರೆಯವರ ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ನಡೆಸುತ್ತಾರೆ. ಮೊನ್ನೆ ಸಿಕ್ಕಾಗ ಅವರೇ ಚಹಾ ಕುಡಿಸಿದರು. ಏಳುವಾಗ ಹೆಗಲ ಮೇಲೆ ಕೈಯಿಟ್ಟು ಹೇಳಿದರು:

"ಅವತ್ತ ಫೋನಿನ್ಯಾಗ ನನಗ ಅನಿಸಿತ್ತು ನೋಡಪಾ, ಇವತ್ತ್ಯಾಕೋ ಹುಡುಗನ ನಕಲು ಅಷ್ಟ್ ಛಲೋ ಆಗಿಲ್ಲಂತ."