ಗೊಲ್ಲಾಳಪ್ಪನ ಹಾಡಿನ ಪೆಟ್ಟಿಗೆ

ಚಪಳಗಾಂವದ ಕುರಿಗಾರ ಗೊಲ್ಲಾಳಪ್ಪನ ಬಾಯಿಂದ ದಿನಕ್ಕೆ ಒಂದೇ ಮಾತು ಹೊರಡುತ್ತದೆ: “ಕುಂದರ್ರಿ, ಹಾಡು ಹಚ್ಚತೀನಿ.” ಟಗರೊಂದನ್ನು ಮಾರಿ ಸೊಲ್ಲಾಪುರದ ಹಳೆ ಬಾಜಾರದಲ್ಲಿ ಕೊಂಡ ಅಗ್ಗದ ಗ್ರಾಮಾಫೋನು, ಕುರಿ ಹೋದಲ್ಲೆಲ್ಲ ಕಂಬಳಿ ಹೊದ್ದು ಕತ್ತೆಯ ಮೇಲೆ ಹೋಗುತ್ತದೆ. ಇರುವುದು ಒಂದೇ ರಿಕಾರ್ಡು. ಸೂಜಿ ಸವೆದಾಗ ಜಾಲಿಮುಳ್ಳು ಸಿಕ್ಕಿಸಿದ. ಸ್ಪ್ರಿಂಗು ತುಂಡಾದ ಮೇಲೆ ರಿಕಾರ್ಡನ್ನು ಬೆರಳಿನಿಂದಲೇ ತಿರುಗಿಸುತ್ತಾನೆ. ಹಾಗಾಗಿ ಹಾಡು ಅವನ ಮನಸ್ಸಿದ್ದಂತೆ ಓಡುತ್ತದೆ. ಕುರಿ ಅವಳಿಮರಿ ಹಾಕಿದ ದಿನ ರಿಕಾರ್ಡಿನೊಳಗಿನ ಹೆಂಗಸು ಉಸಿರು ತಗೊಳ್ಳದೆ ಹಾಡಿದಳು. ಹೆಂಡತಿ ಬೀರವ್ವ ತವರಿಗೆಂದು ಮರವಡೆಗೆ ಹೋದ ವಾರ ಅದೇ ಹೆಂಗಸು ಗಂಡುದನಿಯಲ್ಲಿ ನರಳಿದಳು. ಉಣ್ಣೆ ಕೊಳ್ಳಲು ಬಂದ ಅಕ್ಕಲಕೋಟದ ವ್ಯಾಪಾರಿ ಸಾತಲಿಂಗಪ್ಪ ಒಮ್ಮೆ ಕೇಳಿ ಕಿವಿ ಮುಚ್ಚಿಕೊಂಡ. “ಕೊಡೊ ಇಲ್ಲೆ, ಹೊಸಾ ಸ್ಪ್ರಿಂಗ್ ಹಾಕಿಸಿ ಕೊಡತೀನಿ. ರೊಕ್ಕ ಬ್ಯಾಡ.” ಗೊಲ್ಲಾಳಪ್ಪ ಪೆಟ್ಟಿಗೆ ಎತ್ತಿ ಕೊಡಲು ಹೋದ. ಬೀರವ್ವ ಅದರ ಮೇಲೆ ಕೈಯಿಟ್ಟಳು. “ಬ್ಯಾಡ್ರಿ ಸಾವಕಾರ್ರ. ಇವರು ಬಾಯಿಬಿಟ್ಟು ಏನೂ ಹೇಳಂಗಿಲ್ಲ. ಹಾಡು ನೆಟ್ಟಗಾದ್ರ ಇವರ ಮನಸ್ಸು ನನಗ ಹ್ಯಾಂಗ ತಿಳೀಬೇಕು?” ಗೊಲ್ಲಾಳಪ್ಪ ಪೆಟ್ಟಿಗೆಯನ್ನು ಕೆಳಗಿಟ್ಟ. ಕೂತು ರಿಕಾರ್ಡಿಗೆ ಬೆರಳು ಹಚ್ಚಿದ. ಹಾಡು ಓಡಿದ ರಭಸಕ್ಕೆ ಜಾಲಿಮುಳ್ಳೇ ಮುರಿಯಿತು.