ಸಾಂಬ್ರಾಕ್ಕೆ ಹಾರಿದ ಬಂಡೂರು ಟಗರು

ಎಪ್ಪತ್ತನಾಲ್ಕರಲ್ಲಿ ನಾನು ಮಳವಳ್ಳಿಯಲ್ಲಿ ಪಶುವೈದ್ಯನಾಗಿದ್ದೆ. ಬೆಳಗಾವಿ ಕಡೆಯ ಕುರಿ ಸಂವರ್ಧನಾ ಕೇಂದ್ರವೊಂದು ತಳಿ ಪ್ರಯೋಗಕ್ಕೆ ನಮ್ಮ ತಾಲ್ಲೂಕಿನ ಬಂಡೂರು ತಳಿಯ ಟಗರು ಬೇಕೆಂದು ಕೇಳಿತ್ತು. ಹಿಂದಿನ ವರ್ಷ ರೈಲಿನಲ್ಲಿ ಕಳಿಸಿದ್ದ ಎರಡು ಟಗರುಗಳು ದಾರಿಯಲ್ಲೇ ನ್ಯುಮೋನಿಯಾ ಹತ್ತಿ ಸತ್ತಿದ್ದವು. ಹಾಗಾಗಿ ಈ ಸಲ ಬೆಂಗಳೂರಿನಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಹಾರಿಸಿಯೇ ಕಳಿಸುವುದೆಂದು ಮೇಲಿನವರು ತೀರ್ಮಾನಿಸಿದರು. ರಸ್ತೆಯಲ್ಲಿ ಸುಮಾರು ಐನೂರು ಕಿಲೋಮೀಟರು; ವಿಮಾನದಲ್ಲಿ ಒಂದೂಕಾಲು ಗಂಟೆ. ಮೇಜಿನ ಮುಂದೆ ಕೂತವರಿಗೆ ಎಲ್ಲವೂ ಸುಲಭ.

ನಾನು ಆರಿಸಿದ್ದು ಬಂಡೂರಿನ ಜವನಮ್ಮನ ಟಗರನ್ನು. ತಾಯಿ ಸತ್ತ ಮರಿಗೆ ಅವಳೇ ಹಾಲು ಕುಡಿಸಿ ಬೆಳೆಸಿದ್ದಳು. ಮೋಟು ಕಾಲು, ದಿಮ್ಮಿಯಂಥ ಮೈ. ಅಂಥ ಟಗರನ್ನು ನನ್ನ ಸರ್ವಿಸಿನಲ್ಲಿ ಮತ್ತೆ ನೋಡಲಿಲ್ಲ. ಹಿಂದಿನ ಎರಡು ಸತ್ತ ಸುದ್ದಿ ಊರಿಗೆಲ್ಲ ಗೊತ್ತಿತ್ತು.

"ಕೊಡ್ತೀನಿ ಡಾಕ್ಟ್ರೇ. ಇದೂ ದಾರೀಲಿ ಸತ್ರೆ ಮಾತ್ರ ನಮ್ಮ ಅಟ್ಟಿ ಬಾಗ್ಲು ತುಳೀಬ್ಯಾಡಿ" ಎಂದಳು.

ಟಗರು ಜೀಪು ಹತ್ತಲೊಲ್ಲೆನೆಂದು ಹಟ ಹಿಡಿದದ್ದರಿಂದ ಅವಳೂ ಹತ್ತಿದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮರದ ಪೆಟ್ಟಿಗೆ ಸಿದ್ಧವಿತ್ತು. ಜವನಮ್ಮ ಟಗರಿನ ಕೊರಳ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಡೂರಿನ ಕಡೆ ಕುರಿ, ದನ ಕೊಟ್ಟವರು ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಏಳಿಗೆಯೂ ಹಿಂದೆಯೇ ಹೋಗುತ್ತದೆಂಬ ನಂಬಿಕೆ. ನಾನು ತಂದಿದ್ದ ಹೊಸ ಹಗ್ಗ ಕಟ್ಟಿ ಪೆಟ್ಟಿಗೆಯೊಳಗೆ ನಿಲ್ಲಿಸಿದೆ. ಅಷ್ಟೇ, ಟಗರು ಪೆಟ್ಟಿಗೆಗೆ ತಲೆ ಚಚ್ಚಿಕೊಳ್ಳತೊಡಗಿತು. ಏದುಸಿರು, ಬಾಯಲ್ಲಿ ನೊರೆ. ಮತ್ತು ಬರಿಸುವ ಇಂಜೆಕ್ಷನ್ ನನ್ನ ಚೀಲದಲ್ಲಿತ್ತು. ಆದರೆ ಮೆಲುಕು ಹಾಕುವ ಪ್ರಾಣಿ ಮತ್ತಿನಲ್ಲಿ ಅಡ್ಡ ಬಿದ್ದರೆ ಹೊಟ್ಟೆ ಉಬ್ಬರಿಸಿ ಸಾಯಬಹುದು; ಆಕಾಶದಲ್ಲಿ ಅದನ್ನು ಎತ್ತಿ ನಿಲ್ಲಿಸುವವರು ಯಾರು?

"ಸುಮ್ಮನಾಗದಿದ್ರೆ ಹತ್ತಿಸೋಕಾಗಲ್ಲ ಸಾರ್" ಎಂದು ಸರಕು ವಿಭಾಗದವನು ಕಡ್ಡಿ ಮುರಿದಂತೆ ಹೇಳಿದ.

ಜವನಮ್ಮ ನನ್ನನ್ನೊಮ್ಮೆ, ಟಗರನ್ನೊಮ್ಮೆ ನೋಡಿದಳು. "ಸರೀರಿ ಅತ್ಲಾಗೆ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಹೊಸ ಹಗ್ಗ ಕಿತ್ತೆಸೆದು, ಸೊಂಟದಲ್ಲಿದ್ದ ಹಳೆಯದನ್ನೇ ಕಟ್ಟಿದಳು. ಟಗರು ಅದನ್ನು ಮೂಸಿತು. ಸ್ವಲ್ಪ ಹೊತ್ತಿಗೆ ಉಸಿರು ಹದಕ್ಕೆ ಬಂತು.

"ಹಗ್ಗ ಹೋಗ್ತದಲ್ಲಮ್ಮ" ಎಂದೆ.

"ಓಗ್ಲಿ ಬುಡಿ. ಅದ್ರ ಜೀವ ಓಗ್ದಿದ್ರೆ ಸಾಕು."

ವಿಮಾನ ಏರಿತು. ನಾವು ಜೀಪು ತಿರುಗಿಸಿದೆವು. ದಾರಿಯುದ್ದಕ್ಕೂ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಮದ್ದೂರಿನ ಪ್ರವಾಸಿ ಮಂದಿರದಲ್ಲಿ ಇಳಿದು ಬೆಳಗಾವಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಕಾದು ಕಾದು ಲೈನು ಸಿಕ್ಕಿತು. ಟಗರು ಸುಖವಾಗಿ ಇಳಿದಿದೆ, ನೀರು ಕುಡಿದು ಸೊಪ್ಪಿಗೆ ಬಾಯಿ ಹಾಕಿದೆ ಎಂದರು ಅಲ್ಲಿಯ ಡಾಕ್ಟರು. ನನಗೆ ಕುಣಿಯುವಷ್ಟು ಸಂತೋಷ. ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ಜೀಪನ್ನು ಅಂದೇ ಜಿಲ್ಲಾ ಕಚೇರಿಗೆ ಒಪ್ಪಿಸಬೇಕಿತ್ತು; ಜವನಮ್ಮನನ್ನು ಇಲ್ಲಿಂದ ಮಳವಳ್ಳಿ ಬಸ್ಸು ಹತ್ತಿಸಿದರೆ ಆಯಿತು ಎಂದುಕೊಂಡು ಹೊರಗೆ ಬಂದು ಅವಳಿಗೆ ಸುದ್ದಿ ಹೇಳಿದೆ.

ಜವನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ರಸ್ತೆಯ ಕಡೆ ನೋಡಿದಳು.

"ಅದು ಆಗ್ಲೇ ಓಗಿ ಸೇರ್ಕೊತು. ನಾನಿನ್ನೂ ಮನೆ ಸೇರ್ಲಿಲ್ಲ ನೋಡಿ ಡಾಕ್ಟ್ರೇ."

ನಾನು ಬಸ್ಸಿನ ಮಾತೆತ್ತಲಿಲ್ಲ. ಜೀಪಿನಲ್ಲೇ ಬಂಡೂರಿಗೆ ಹೋಗಿ, ಅವಳು ಒಳಗೆ ಹೋಗಿ ದೀಪ ಹಚ್ಚುವವರೆಗೆ ಜಗಲಿಯ ಮೇಲೆ ಕೂತಿದ್ದೆ. ಆಮೇಲಿನ ಸರ್ವಿಸಿನಲ್ಲಿ ಎಷ್ಟೋ ಪ್ರಾಣಿಗಳನ್ನು ಸಾಗಿಸಿದೆ. ಕೊಟ್ಟವರನ್ನು ಮನೆ ಮುಟ್ಟಿಸದೆ ಒಂದು ದಿನವೂ ಕೆಲಸ ಮುಗಿಯಿತೆನ್ನಲಿಲ್ಲ.