ರೇಣವ್ವ ಕೂತ ಬೆಂಚು

ಭಾನುವಾರಗಳಂದು ಜಯನಗರದಲ್ಲಿ ವಿಮೋಚನೆಯ ತತ್ವಶಾಸ್ತ್ರ ಕುರಿತು ಒಂದು ಓದುಕೂಟ ನಡೆಯುತ್ತದೆ. ನಾನು ತಪ್ಪಿಸುವುದಿಲ್ಲ, ಚರ್ಚೆಗಿಂತ ಅಲ್ಲಿಯ ಕಾಫಿ ಚೆನ್ನಾಗಿರುತ್ತದೆ ಎನ್ನುವುದೂ ಒಂದು ಕಾರಣ. "ತುಳಿಸಿಕೊಂಡವರ ಕಡೆಯಿಂದ ಲೋಕವನ್ನು ನೋಡಬೇಕು" ಎಂದು ನಾನೇ ಅಲ್ಲಿ ಗಂಟಲು ಹರಿದುಕೊಂಡಿದ್ದೇನೆ. ಆದರೆ ನನಗೆ ಅಡುಗೆ ಮಾಡಿಹಾಕುವ ರೇಣವ್ವ ಮಧ್ಯಾಹ್ನ ಎಲ್ಲಿ ಕೂತು ಉಣ್ಣುತ್ತಾರೆಂದು ಗೊತ್ತಿರಲಿಲ್ಲ.

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ದಿನ ಸಿಗರೇಟಿಗೆಂದು ಕೆಳಗಿಳಿದೆ. ನೀರಿನ ಮೋಟಾರಿನ ಪಕ್ಕ, ನೆಲದ ಮೇಲೆ, ಡಬ್ಬಿ ಬಿಚ್ಚಿಕೊಂಡು ಕೂತಿದ್ದರು.

"ಇಲ್ಯಾಕೆ? ಹೊರಗೆ ಬೆಂಚಿದೆಯಲ್ಲ?"

"ಅದು ಮನಿ ಮಂದಿಗೆ, ಅವರ ಅತಿಥಿಗಳಿಗೆ ಅಂತ ರೀ ಸಾರ್. ಬೋರ್ಡ್ ಐತಲ್ಲ, ನೋಡಿಲ್ಲೇನು?"

ನೋಡಿದ್ದೆ. ಓದಿರಲಿಲ್ಲ.

ರೇಣವ್ವ ಯಾದಗಿರಿ ಕಡೆಯವರು. ಗಂಡನ ಜೊತೆ ಗಾರೆ ಕೆಲಸಕ್ಕೆ ಬಂದು, ಬನಶಂಕರಿಯ ಈ ಅಪಾರ್ಟ್‌ಮೆಂಟಿಗೇ ಇಟ್ಟಿಗೆ ಹೊತ್ತು, ಈಗ ಇದರೊಳಗೇ ಮನೆಯಿಂದ ಮನೆಗೆ ಅಡುಗೆ ಮಾಡುತ್ತಾರೆ. ಸಂಜೆ ಹೊಸಕೆರೆಹಳ್ಳಿಗೆ ವಾಪಸು. ಮಂಡಿ ಸವೆದಿದೆ, ನೆಲದ ಮೇಲೆ ಕೂತರೆ ಏಳಲು ಗೋಡೆ ಬೇಕು.

ಅಸೋಸಿಯೇಷನ್‌ಗೆ ಮನವಿ ಬರೆಯುತ್ತೇನೆ ಎಂದೆ. ಓದುಕೂಟದಲ್ಲಿ ಅದರ ಭಾಷೆಯ ಬಗ್ಗೆ ಗಂಭೀರ ಚರ್ಚೆಯಾಯಿತು. 'ಹಕ್ಕು' ಎನ್ನಬೇಕೋ 'ಘನತೆ' ಎನ್ನಬೇಕೋ ತೀರ್ಮಾನವಾಗದೆ ಮನವಿ ಅಲ್ಲೇ ನಿಂತಿತು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಬಾಲ್ಕನಿಯಿಂದ ನೋಡುತ್ತೇನೆ: ಬೆಂಚಿನ ಮೇಲೆ ರೇಣವ್ವ, ಜೊತೆಗೆ ಮೆಟ್ಟಿಲು ಗುಡಿಸುವ ಅಂಜನಮ್ಮ, ಇಬ್ಬರ ತೊಡೆಯ ಮೇಲೂ ಡಬ್ಬಿ. ಎದುರಿಗೆ ಅಸೋಸಿಯೇಷನ್ ಅಧ್ಯಕ್ಷರೂ ನನ್ನ ಮನೆ ಮಾಲೀಕರೂ ಆದ ಗುಂಡಣ್ಣನವರು. ಕುತೂಹಲ ತಡೆಯದೆ ಇಳಿದುಹೋದೆ. ಆಮೇಲೆ, ಯಾಕಾದರೂ ಇಳಿದೆನೋ ಅನ್ನಿಸಿತು.

"ಬೋರ್ಡ್ ಓದೋಕೆ ಬರಲ್ವೇನಮ್ಮ? ಏಳಿ, ಏಳಿ."

"ಓದೀನ್ರೀ. ನಾವು ಅತಿಥಿಗಳು."

"ಯಾರ ಮನೆಗೆ?"

ರೇಣವ್ವ ರೊಟ್ಟಿ ಮುರಿಯುತ್ತಲೇ ಗದ್ದದಿಂದ ನನ್ನನ್ನು ತೋರಿಸಿದರು. "ಇವರ ಮನಿಗೆ."

ಮುಂದಿನ ತಿಂಗಳು ನನ್ನ ಬಾಡಿಗೆ ಕರಾರು ಮುಗಿಯುವುದಿತ್ತು. ಮದುವೆಯಾಗದ ಹುಡುಗರಿಗೆ ಈ ಭಾಗದಲ್ಲಿ ಮನೆ ಕೊಡುವವರು ಕಡಿಮೆ. ಓದುಕೂಟದಲ್ಲಿ ಕಲಿತ ಪದಗಳೆಲ್ಲ ಒಟ್ಟಿಗೆ ರಜೆ ಹಾಕಿದವು.

"ಏನಪ್ಪ ನಚಿಕೇತ, ಹೌದಾ?"

"ಹೌದು ಸಾರ್." ನನಗೇ ಸರಿಯಾಗಿ ಕೇಳಿಸಲಿಲ್ಲ. "ಊಟಕ್ಕೆ ಕರೆದಿದ್ದೆ."

"ಇವತ್ತೊಂದಿನ ತಾನೇ?"

"ದಿನಾ ಕರ್ದಾರ್ರೀ," ಎಂದರು ರೇಣವ್ವ.

ಅಂಜನಮ್ಮ ಕಿಸಕ್ಕನೆ ನಕ್ಕು, ಸರಿದು ಕೂತು ಜಾಗ ಮಾಡಿದರು. "ಕರೆದೋರು ನಿಂತ್ಕೊಂಡ್ರೆ ಹೆಂಗೆ ಸಾರ್? ಕೂತ್ಕೊಳಿ."

ಕೂತೆ. ರೇಣವ್ವ ರೊಟ್ಟಿ ಮುರಿದುಕೊಟ್ಟರು. ಶೇಂಗಾ ಚಟ್ನಿಯ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ಗುಂಡಣ್ಣನವರು ಅದನ್ನು ಏನೆಂದು ತಿಳಿದರೋ, "ಮೀಟಿಂಗಲ್ಲಿ ಮಾತಾಡ್ತೀನಿ" ಎಂದು ಲಿಫ್ಟಿನತ್ತ ನಡೆದರು.

ಊಟ ಮುಗಿಯುವವರೆಗೆ ಮೂವರಲ್ಲಿ ಯಾರೂ ಏಳಲಿಲ್ಲ.